‘ಆರಿದ ಗಾಯ ಯಾಕೆ ಕೆದಕಬೇಕು?’ ಅಂದವರ ಮಾತನ್ನು ಹೇಗೆ ಕೇಳಬೇಕು

ಪ್ರಶ್ನೆ: ಚಿಂತಾಮಣಿಯಲ್ಲಿ ನಾವೊಂದಿಷ್ಟು ಜನ ಭಾನುವಾರ ಸಂಜೆ ಸೇರಿ ಪುಸ್ತಕ ಓದುತ್ತೇವೆ. ಈ ಸಲ ಭೀಷ್ಮ ಸಾಹನಿ ಅವರ ‘ತಮಸ್’ ಕಾದಂಬರಿ ಹಿಡಿದೆವು. ನಿವೃತ್ತ ಹಿಂದಿ ಮೇಷ್ಟ್ರು ಒಬ್ಬರು ಹಿಂದಿಯಲ್ಲಿ ಓದಿ ಕನ್ನಡದಲ್ಲಿ ಹೇಳುತ್ತಿದ್ದರು. ಮುಗಿದ ದಿನ ಎಲ್ಲರ ಅಭಿಪ್ರಾಯ ಕೇಳಿದೆವು. ಅಲ್ಲೇ ಎಡವಟ್ಟಾಯಿತು. ಹಿರಿಯರೊಬ್ಬರು ‘ಆರಿದ ಗಾಯ ಯಾಕೆ ಕೆದಕಬೇಕು’ ಅಂದರು. ಕಾಲೇಜು ಹುಡುಗನೊಬ್ಬ ‘ಇದಕ್ಕೆ ಕೊನೆಯೇ ಇಲ್ಲ, ಯಾರಿಗೂ ಶಿಕ್ಷೆ ಆಗಲ್ಲ, ನತ್ಥುವನ್ನು ನಡುವೆ ಮರೆತೇಬಿಟ್ಟಿದ್ದಾರೆ’ ಅಂದ. ಇಬ್ಬರು ‘ನಮ್ಮವರನ್ನೇ ಜಾಸ್ತಿ ಕೆಟ್ಟವರನ್ನಾಗಿ ತೋರಿಸಿದ್ದಾರೆ’ ಅಂದರು. ಒಬ್ಬರು ಹಿಂದೂ, ಒಬ್ಬರು ಮುಸ್ಲಿಂ. ‘ಇದು ಪಂಜಾಬಿನ ಕತೆ, ನಮ್ಮ ಕಡೆ ಹೀಗಿಲ್ಲ’ ಅಂತ ಇನ್ನೊಬ್ಬರು. ಬಾವಿಯ ಅಧ್ಯಾಯ ಓದುವಾಗ ಎದ್ದು ಹೋದ ಒಬ್ಬ ಅಕ್ಕ ಮತ್ತೆ ಬಂದಿಲ್ಲ. ಇವುಗಳಲ್ಲಿ ಯಾವ ಅಭಿಪ್ರಾಯ ಸರಿ? ಇಂಥ ಕಾದಂಬರಿಯನ್ನು ಕೂಟದಲ್ಲಿ ಓದಲೇಬಾರದಾ?

ಉತ್ತರ: ಓದಬೇಕು. ಆ ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಿಮ್ಮ ಕೊನೆಯ ಸಾಲು ನನಗೆ ಕಳವಳ ತಂದಿತು. ಒಂದು ಕಾದಂಬರಿ ಓದಿ ಇಷ್ಟು ಜನ ಇಷ್ಟು ಬೇರೆ ಬೇರೆಯಾಗಿ ಮಾತಾಡಿದರು ಅಂದರೆ ನಿಮ್ಮ ಕೂಟ ಕೆಟ್ಟಿಲ್ಲ. ಆ ಮಾತುಗಳನ್ನು ಕೇಳಿಸಿಕೊಳ್ಳುವ ರೀತಿ ಮಾತ್ರ ಬದಲಾಗಬೇಕು.

ಪ್ರೀತಿಯ ಕತೆ ಓದಿ ‘ಚೆನ್ನಾಗಿದೆ’ ಅಂದರೆ ಅದು ಬಹುಪಾಲು ಪುಸ್ತಕದ ಬಗ್ಗೆ ಆಡಿದ ಮಾತು. ಹಿಂಸೆ ನಡೆದುಹೋದ ಮೇಲಿನ ದಿನಗಳ ಕತೆ ಓದಿದಾಗ ಹಾಗಾಗುವುದಿಲ್ಲ. ಓದಿದವರ ಮಾತಿನಲ್ಲಿ ಅರ್ಧ ಪುಸ್ತಕದ್ದು. ಇನ್ನರ್ಧ ಅವರು ಬದುಕಿನಲ್ಲಿ ಎಲ್ಲಿ ನಿಂತಿದ್ದಾರೋ ಅಲ್ಲಿಂದ ಬಂದದ್ದು. ಹಾಗಾಗಿ ‘ಯಾವುದು ಸರಿ’ ಅಂತ ಕೇಳುವ ಮೊದಲು ‘ಇದನ್ನು ಯಾರು ಹೇಳುತ್ತಿದ್ದಾರೆ, ಎಲ್ಲಿ ಕೂತು ಹೇಳುತ್ತಿದ್ದಾರೆ’ ಅಂತ ನೋಡಬೇಕು. ಒಂದೇ ವಾಕ್ಯ ಇಬ್ಬರ ಬಾಯಲ್ಲಿ ಬಂದರೆ ಎರಡು ಅಭಿಪ್ರಾಯ ಆಗಬಹುದು. ಅದಕ್ಕೇ ಇಂಥ ಪುಸ್ತಕದ ಅಭಿಪ್ರಾಯಗಳನ್ನು ಕೈ ಎತ್ತಿಸಿ ಎಣಿಸಬಾರದು.

ಓದದವರಿಗಾಗಿ ಕತೆಯನ್ನು ಚಿಕ್ಕದಾಗಿ ಹೇಳುತ್ತೇನೆ. ದೇಶ ಇಬ್ಭಾಗವಾಗುವ ಮುಂಚಿನ, 1947ರ ಆರಂಭದ ತಿಂಗಳುಗಳು. ಊರಿನ ಹೆಸರು ಹೇಳದಿದ್ದರೂ ಅದು, ಈಗ ಪಾಕಿಸ್ತಾನದಲ್ಲಿರುವ, ರಾವಲ್ಪಿಂಡಿಯನ್ನು ಹೋಲುವ ಊರು. ನತ್ಥು ಚರ್ಮ ಹದ ಮಾಡುವ ಬಡವ. ಮುರಾದ್ ಅಲಿ ಅನ್ನುವವನು ಅವನ ಕೈಗೆ ಐದು ರೂಪಾಯಿ ನೋಟು ಕೊಟ್ಟು ಒಂದು ಹಂದಿ ಕೊಲ್ಲಲು ಹೇಳುತ್ತಾನೆ. ದನದ ಡಾಕ್ಟರಿಗೆ ಬೇಕು ಅನ್ನುವುದು ನೆಪ. ಬೆಳಗ್ಗೆ ಹಂದಿಯ ಹೆಣ ಮಸೀದಿ ಮೆಟ್ಟಿಲ ಮೇಲೆ ಸಿಗುತ್ತದೆ. ಊರು ಹೊತ್ತಿಕೊಳ್ಳುತ್ತದೆ, ಸುತ್ತಲ ಹಳ್ಳಿಗಳಿಗೂ ಹಬ್ಬುತ್ತದೆ. ಕೆಲವು ದಿನ ಆದ ಮೇಲೆ ಸರ್ಕಾರದ ವಿಮಾನವೊಂದು ಹಳ್ಳಿಗಳ ಮೇಲೆ ಹಾರುತ್ತದೆ. ತಕ್ಷಣ ಎಲ್ಲ ನಿಂತುಬಿಡುತ್ತದೆ. ಆಮೇಲೆ ನಿರಾಶ್ರಿತರ ಶಿಬಿರ, ಸತ್ತವರ ಲೆಕ್ಕ, ಶಾಂತಿ ಸಮಿತಿ, ಶಾಂತಿಯ ಘೋಷಣೆ ಕೂಗುತ್ತಾ ಹೋಗುವ ಬಸ್ಸು.

ನನ್ನ ಮಟ್ಟಿಗೆ ಈ ಕೊನೆಯ ಭಾಗವೇ ಕಾದಂಬರಿಯ ಜೀವ. ಗಲಭೆಯನ್ನು ಬಹಳ ಜನ ಬರೆದಿದ್ದಾರೆ. ಗಲಭೆ ನಿಂತ ಮೇಲಿನ ವಾರವನ್ನು ಇಷ್ಟು ಹತ್ತಿರದಿಂದ ನೋಡಿದವರು ಕಡಿಮೆ.

ಈಗ ನಿಮ್ಮ ಹಿರಿಯರ ಮಾತಿಗೆ ಬರೋಣ. ‘ಆರಿದ ಗಾಯ ಯಾಕೆ ಕೆದಕಬೇಕು?’ ನಮ್ಮ ಕೋಲಾರ, ಚಿಕ್ಕಬಳ್ಳಾಪುರ ಕಡೆ ಇಂಥ ಓದು ಎಲ್ಲೇ ನಡೆದರೂ ಈ ಮಾತು ಬಂದೇ ಬರುತ್ತದೆ. ಇದನ್ನು ಕೇಳಿದ ಕೂಡಲೇ ಯುವಕರು ರೇಗುತ್ತಾರೆ, ‘ಹೇಡಿತನ’ ಅನ್ನುತ್ತಾರೆ. ದುಡುಕಬಾರದು. ಈ ಮಾತು ಎರಡು ಕಡೆಯಿಂದ ಬರುತ್ತದೆ. ಒಂದು, ಕಳೆದುಕೊಂಡವರಿಂದ. ಮಗನನ್ನೋ ಮನೆಯನ್ನೋ ಕಳೆದುಕೊಂಡು, ಅದೇ ಬೀದಿಯಲ್ಲಿ ಅದೇ ಜನರ ಮುಖ ನೋಡುತ್ತಾ ಮೂವತ್ತು ವರ್ಷ ಬದುಕಿದವರು ‘ಬೇಡಪ್ಪ, ಬಿಡು’ ಅಂದರೆ ಅದು ಬದುಕಲು ಕಂಡುಕೊಂಡ ದಾರಿ. ಅದನ್ನು ಕಿತ್ತುಕೊಳ್ಳುವ ಹಕ್ಕು ಯಾವ ಪುಸ್ತಕಕ್ಕೂ ಇಲ್ಲ. ಎರಡನೆಯದು, ಮರೆತರೆ ಲಾಭ ಇರುವವರಿಂದ. ಅವರೇ ಮಾಡಿರಬಹುದು, ಅವರ ಕಡೆಯವರು ಮಾಡಿರಬಹುದು, ಅಥವಾ ನೋಡಿಯೂ ಸುಮ್ಮನಿದ್ದಿರಬಹುದು. ಅವರೂ ಇದೇ ಪದಗಳನ್ನೇ ಬಳಸುತ್ತಾರೆ.

ಸಾಹನಿ ಇದನ್ನು ಎಷ್ಟು ಚೆನ್ನಾಗಿ ಬಲ್ಲರು ಅನ್ನುವುದು ಆ ಶಾಂತಿ ಬಸ್ಸಿನಲ್ಲಿ ಗೊತ್ತಾಗುತ್ತದೆ. ಬಸ್ಸಿನ ಮುಂದೆ ಕೂತು, ಧ್ವನಿವರ್ಧಕ ಹಿಡಿದು, ಹಿಂದೂ ಮುಸ್ಲಿಂ ಒಂದಾಗಿ ಅಂತ ಕೂಗುವವನು ಯಾರು? ಮುರಾದ್ ಅಲಿ. ಹಂದಿ ಕೊಲ್ಲಿಸಿದವನೇ. ಸಮಿತಿಯಲ್ಲಿರುವ ದೊಡ್ಡವರಿಗೆ ಅವನು ಮಾಡಿದ್ದು ಗೊತ್ತಿಲ್ಲ. ನೋಡಿದ ಕೂಡಲೇ ಅವನನ್ನು ಗುರುತಿಸಬಹುದಾಗಿದ್ದ ನತ್ಥು ಸತ್ತಿದ್ದಾನೆ. ಶಾಂತಿಯ ಮಾತು ಸುಳ್ಳು ಅಂತ ಸಾಹನಿ ಹೇಳುತ್ತಿಲ್ಲ. ಶಾಂತಿಯ ಮಾತನ್ನು ಯಾರು ಆಡುತ್ತಿದ್ದಾರೆ ನೋಡಿ ಅನ್ನುತ್ತಿದ್ದಾರೆ.

ಆ ಹಿರಿಯರನ್ನು ನೀವು ಬಲ್ಲಿರಿ, ನಾನು ಬಲ್ಲೆನಲ್ಲ. ಅವರು ಯಾವ ಕಡೆಯವರು ಅಂತ ತೀರ್ಮಾನ ಮಾಡುವುದು ಬೇಡ. ಸಭೆಯಲ್ಲಿ ಕೇಳುವುದೂ ಬೇಡ. ಬೇರೆ ದಿನ ಮನೆ ಕಡೆ ಹೋಗಿ ‘ಸಾರ್, ಯಾರ ಗಾಯದ ಬಗ್ಗೆ ಹೇಳಿದಿರಿ?’ ಅಂತ ನಿಧಾನಕ್ಕೆ ಕೇಳಿ ನೋಡಿ. ಅವರು ಮಾತಾಡಿದರೆ ಕೂತು ಕೇಳಿ. ಮಾತು ತಿರುಗಿಸಿದರೆ ನೀವೂ ತಿರುಗಿಸಿ.

ಅವರ ಮಾತಿಗೆ ಪುಸ್ತಕದ ಕಡೆಯಿಂದಲೂ ಒಂದು ಉತ್ತರ ಇದೆ, ಅದು ನಿಮ್ಮ ಕೂಟಕ್ಕೆ ತಿಳಿದಿರಲಿ. ಸಾಹನಿ ಹುಟ್ಟಿದ್ದು 1915ರಲ್ಲಿ, ರಾವಲ್ಪಿಂಡಿಯಲ್ಲೇ. 1947ರ ಗಲಭೆಯಾದಾಗ ಅಲ್ಲಿನ ಪರಿಹಾರ ಸಮಿತಿಯಲ್ಲಿ ಕೆಲಸ ಮಾಡಿದರು. ಸುಟ್ಟ ಹಳ್ಳಿಗಳನ್ನು ಕಣ್ಣಾರೆ ಕಂಡರು. ಆದರೂ ಇಪ್ಪತ್ತು ವರ್ಷದ ಮೇಲಾದರೂ ಅದರ ಬಗ್ಗೆ ಕಾದಂಬರಿ ಬರೆಯಲಿಲ್ಲ. ಗಾಯ ಆರಲಿ ಅಂತ ಅವರೂ ಬಿಟ್ಟಿದ್ದರು ಅನ್ನಬಹುದು. 1970ರಲ್ಲಿ ಮುಂಬೈ ಹತ್ತಿರದ ಭಿವಂಡಿಯಲ್ಲಿ ಗಲಭೆ ಆಯಿತು. ಅಲ್ಲಿಗೆ ಹೋಗಿ ನೋಡಿದಾಗ ರಾವಲ್ಪಿಂಡಿ ಕಣ್ಣ ಮುಂದೆ ಬಂತು. ಆಮೇಲೆ ಕೂತು ‘ತಮಸ್’ ಬರೆದರು. 1975ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅವರು ಆರಿದ ಗಾಯವನ್ನು ಕೆದಕಲಿಲ್ಲ. ಅದು ಆರಿಲ್ಲ ಅನ್ನುವುದು ಭಿವಂಡಿಯಲ್ಲಿ ಕಣ್ಣಿಗೆ ಬಿದ್ದ ಮೇಲೆ ಬರೆದರು.

‘ಇದು ಪಂಜಾಬಿನ ಕತೆ’ ಅಂದವರ ಮಾತು ನನಗೆ ನೋವು ತಂದಿತು. ಬೇರೆ ಊರಿನವರು ಅಂದಿದ್ದರೆ ಇಷ್ಟು ಹೇಳುತ್ತಿರಲಿಲ್ಲ. ಚಿಂತಾಮಣಿಯಲ್ಲಿ ಕೂತು ಅಂದರಲ್ಲ. ಅವರು ಬಹುಶಃ ಹಿಂದೂ ಮುಸ್ಲಿಂ ಗಲಭೆಯನ್ನು ಮನಸ್ಸಿನಲ್ಲಿಟ್ಟು ಹೇಳಿರಬೇಕು. ಮುರುಗಮಲ್ಲದ ದರ್ಗಾಕ್ಕೆ ಎಲ್ಲ ಜಾತಿಯವರೂ ಹೋಗುತ್ತಾರೆ, ಕೈವಾರದ ತಾತಯ್ಯನವರ ಪದಗಳನ್ನು ಎಲ್ಲರೂ ಹಾಡುತ್ತಾರೆ, ಅದೆಲ್ಲ ನಿಜ. ಅದರ ಬಗ್ಗೆ ನನಗೂ ಹೆಮ್ಮೆ ಇದೆ. ಆದರೆ ಹಿಂಸೆಗೆ ಒಂದೇ ಮುಖ ಇರುವುದಿಲ್ಲ. 2000ದ ಮಾರ್ಚ್ 11ರಂದು ನಿಮ್ಮ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಸುಟ್ಟು ಕೊಂದರು. ಆಗ ಚಿಂತಾಮಣಿ ಕೋಲಾರ ಜಿಲ್ಲೆಯಲ್ಲಿತ್ತು. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆದದ್ದು 2007ರಲ್ಲಿ. ಕೋಲಾರದ ಕೋರ್ಟಿನಲ್ಲಿ ಕೇಸು ನಡೆಯಿತು. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳು ಬಿಡುಗಡೆಯಾದರು. 2014ರಲ್ಲಿ ಹೈಕೋರ್ಟ್ ಕೂಡ ಆ ತೀರ್ಪನ್ನೇ ಎತ್ತಿ ಹಿಡಿಯಿತು.

ಏಳು ಜನ ಸತ್ತರು. ಕಾನೂನಿನ ಲೆಕ್ಕದಲ್ಲಿ ಕೊಂದವರು ಯಾರೂ ಇಲ್ಲ. ಹಿಂಸೆಯ ಆಮೇಲಿನ ದಿನಗಳು ಅಂದರೆ ಇದೇ. ನಿಮ್ಮ ಕೂಟದ ಆ ಹುಡುಗ ‘ಯಾರಿಗೂ ಶಿಕ್ಷೆ ಆಗಲ್ಲ, ಇದೇನು ಕೊನೆ’ ಅಂದನಲ್ಲ, ಅವನ ಸಿಟ್ಟು ನ್ಯಾಯವಾದದ್ದು. ಆದರೆ ಆ ಸಿಟ್ಟು ಕಾದಂಬರಿಯ ಮೇಲೆ ಹೋಗಬೇಕಾ ಅನ್ನುವುದನ್ನು ಅವನ ಜೊತೆ ಕೂತು ಯೋಚಿಸಿ. ಮುರಾದ್ ಅಲಿಯನ್ನು ಕೊನೆಯಲ್ಲಿ ಪೊಲೀಸರು ಹಿಡಿದರು, ಗಲ್ಲಿಗೆ ಹಾಕಿದರು ಅಂತ ಬರೆದಿದ್ದರೆ ನಮಗೆ ಹಗುರ ಆಗುತ್ತಿತ್ತು. ಪುಸ್ತಕ ಮುಚ್ಚಿ ನಿದ್ದೆ ಮಾಡುತ್ತಿದ್ದೆವು. ನಡೆದದ್ದು ಹಾಗಲ್ಲವಲ್ಲ. ನಡೆಯದ ನ್ಯಾಯವನ್ನು ಕತೆಯಲ್ಲಿ ಕೊಟ್ಟುಬಿಟ್ಟರೆ, ನ್ಯಾಯ ಸಿಗದವರಿಗೆ ಅದು ಇನ್ನೊಂದು ಮೋಸ.

ನತ್ಥುವಿನ ವಿಷಯ ಮಾತ್ರ ಅಷ್ಟು ಸುಲಭವಲ್ಲ, ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ. ಮೊದಲು ಒಂದು ವಿಚಾರಿಸಿ: ನಿಮ್ಮಲ್ಲಿ ಎಷ್ಟು ಜನ ಮಾತಾಡುತ್ತಿರುವುದು ಪುಸ್ತಕದ ಬಗ್ಗೆ, ಎಷ್ಟು ಜನ ಟಿವಿಯ ಬಗ್ಗೆ? 1988ರಲ್ಲಿ ಗೋವಿಂದ ನಿಹಲಾನಿ ಮಾಡಿದ ‘ತಮಸ್’ ದೂರದರ್ಶನದಲ್ಲಿ ಬಂತು. ಆಗ ನೋಡಿದವರ ತಲೆಯಲ್ಲಿ ನತ್ಥು ಅಂದರೆ ಓಂ ಪುರಿ. ಅಲ್ಲಿ ನತ್ಥು ಮತ್ತು ಅವನ ಹೆಂಡತಿಯ ಕತೆ ಕೊನೆಯವರೆಗೂ ಬರುತ್ತದೆ. ಕಾದಂಬರಿಯಲ್ಲಿ ಹಾಗಿಲ್ಲ. ಮೊದಲ ಅಧ್ಯಾಯ ಪೂರ್ತಿ ನತ್ಥುವಿನದ್ದು. ಕತ್ತಲ ಕೋಣೆ, ಬೆವರು, ಸಾಯದ ಹಂದಿ, ಅವನ ಭಯ. ಆಮೇಲೆ ಅಲ್ಲೊಮ್ಮೆ ಇಲ್ಲೊಮ್ಮೆ ಕಾಣಿಸಿಕೊಂಡು ಮರೆಯಾಗುತ್ತಾನೆ. ಕೊನೆಗೆ ಅವನು ಸತ್ತ ಅನ್ನುವುದು ನಡುವೆ ಒಂದು ಮಾತಾಗಿ ಬಂದು ಹೋಗುತ್ತದೆ. ಹೇಗೆ ಸತ್ತ, ಯಾರು ಕೊಂದರು, ಹೆಣ ಏನಾಯಿತು, ಯಾವುದೂ ಇಲ್ಲ.

ಇದನ್ನು ‘ಲೇಖಕರು ಮರೆತರು’ ಅಂತ ನಾನು ಒಪ್ಪುವುದಿಲ್ಲ. ಊರು ಅವನನ್ನು ಮರೆತದ್ದು ಹೀಗೆಯೇ. ದೊಡ್ಡವರ ಸಾವಿಗೆ ಅಧ್ಯಾಯ ಸಿಗುತ್ತದೆ, ಐದು ರೂಪಾಯಿಗೆ ಬಳಕೆಯಾದವನ ಸಾವಿಗೆ ಒಂದು ಸಾಲು. ಹಾಗೆ ಬರೆದು ಸಾಹನಿ ನಮಗೆ ಸಿಟ್ಟು ಬರಿಸುತ್ತಾರೆ. ನಿಮ್ಮ ಹುಡುಗನಿಗೆ ಸಿಟ್ಟು ಬಂತು, ಅಂದರೆ ಅವನು ಆ ಪುಟವನ್ನು ಸರಿಯಾಗಿಯೇ ಓದಿದ್ದಾನೆ. ಅದನ್ನು ಅವನಿಗೆ ಹೇಳಿ. ಸಂತೋಷಪಡುತ್ತಾನೆ.

ಆದರೂ ಅವನ ಪರವಾಗಿ ಇನ್ನೊಂದು ಮಾತು ಇದೆ. ಈ ಇಡೀ ಗಲಭೆಯಲ್ಲಿ ನತ್ಥುವಿನ ಜಾತಿಯ ಜನ ಏನು ಮಾತಾಡಿಕೊಂಡರು, ಅವನ ಹೆಂಡತಿ ಆಮೇಲೆ ಹೇಗೆ ಬದುಕಿದಳು ಅನ್ನುವುದು ನಮಗೆ ಗೊತ್ತಾಗುವುದೇ ಇಲ್ಲ. ಶಿಬಿರದಲ್ಲಿ ಸಿಖ್ಖರ, ಬ್ರಾಹ್ಮಣರ ಸಂಕಟಕ್ಕೆ ಪುಟಗಳು ಸಿಕ್ಕಿವೆ. ಅವಳಿಗೆ ಸಿಕ್ಕಿಲ್ಲ. ಇದು ಕಾದಂಬರಿಯ ನಿಜವಾದ ಕೊರತೆ ಅಂತ ನನ್ನ ಅಭಿಪ್ರಾಯ. ದಲಿತ ಸಂಘರ್ಷ ಸಮಿತಿಯ ಹಾಡು ಕೇಳಿ ಬೆಳೆದ ನಮ್ಮ ಜಿಲ್ಲೆಗಳ ಓದುಗರಿಗೆ ಈ ಕೊರತೆ ಬೇಗ ಕಾಣುತ್ತದೆ. ನಮ್ಮ ಕಡೆ ಕೊಲೆಯಾದ ಊರಿಗೆ ಮೊದಲು ಹೋದದ್ದು ತಮಟೆ ಮತ್ತು ಹಾಡು, ಕಾದಂಬರಿ ಹೋದದ್ದು ಆಮೇಲೆ. ಆ ಹಾಡುಗಳಲ್ಲಿ ಸತ್ತವನ ಹೆಂಡತಿ ತಾನೇ ಮಾತಾಡುತ್ತಾಳೆ. ಅದನ್ನು ಕೇಳಿದ ಕಿವಿಗೆ ಇಲ್ಲಿನ ಮೌನ ದೊಡ್ಡದಾಗಿ ಕೇಳುತ್ತದೆ. ದೊಡ್ಡ ಪುಸ್ತಕ ಅಂತ ಗೌರವಿಸಿಕೊಂಡೇ ಇದನ್ನು ಹೇಳಬಹುದು. ಹೇಳಬೇಕು.

‘ನಮ್ಮವರನ್ನೇ ಕೆಟ್ಟವರನ್ನಾಗಿ ಮಾಡಿದ್ದಾರೆ’ ಅಂತ ಎರಡು ಕಡೆಯವರೂ ಅಂದದ್ದು ಹೊಸದಲ್ಲ. 1988ರಲ್ಲಿ ಧಾರಾವಾಹಿ ನಿಲ್ಲಿಸಬೇಕು ಅಂತ ಕೋರ್ಟಿಗೆ ಹೋದರು. ಬಾಂಬೆ ಹೈಕೋರ್ಟಿನ ನ್ಯಾಯಮೂರ್ತಿಗಳಾದ ಲೆಂಟಿನ್ ಮತ್ತು ಸುಜಾತಾ ಮನೋಹರ್ ಅದನ್ನು ಕೂತು ನೋಡಿ, ತೋರಿಸಬಹುದು ಅಂದರು. ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿತು. ಅಲ್ಲಿ ಒಂದು ಅಳತೆಗೋಲು ಬಳಸಿದರು. ಒಂದು ಕೃತಿ ಜನರನ್ನು ಕೆರಳಿಸುತ್ತದೆಯೇ ಅಂತ ನೋಡುವಾಗ, ವಿವೇಕ ಇರುವ, ಗಟ್ಟಿ ಮನಸ್ಸಿನ, ಧೈರ್ಯ ಇರುವ ಮನುಷ್ಯನ ಕಣ್ಣಿಂದ ನೋಡಬೇಕು, ಎಲ್ಲದರಲ್ಲೂ ಅಪಾಯವನ್ನೇ ಕಾಣುವ ದುರ್ಬಲ ಮನಸ್ಸಿನಿಂದ ಅಲ್ಲ ಅನ್ನುವ ಅರ್ಥದ ಮಾತು. ಅದನ್ನು ಮೊದಲು ಬರೆದದ್ದು ನಾಗಪುರದ ಹೈಕೋರ್ಟಿನಲ್ಲಿ ನ್ಯಾಯಮೂರ್ತಿ ವಿವಿಯನ್ ಬೋಸ್.

ಯಾವುದನ್ನು ನಿಷೇಧಿಸಬೇಕು ಅನ್ನುವ ಪ್ರಶ್ನೆಗೆ ಆ ಅಳತೆ ಸರಿ. ನಾನು ಅದರ ಪರ. ಆದರೆ ಓದುವ ಕೂಟಕ್ಕೆ ಅದು ಸಾಲದು. ಕೋರ್ಟಿಗೆ ಗಟ್ಟಿ ಮನಸ್ಸಿನ ಓದುಗ ಸಾಕು. ನಿಮ್ಮ ಕೂಟದಲ್ಲಿ ಗಟ್ಟಿ ಮನಸ್ಸಿನವರ ಪಕ್ಕದಲ್ಲೇ ಹೆದರಿದವರಿಗೂ ಸಿಟ್ಟಾದವರಿಗೂ ಜಾಗ ಇರಬೇಕು.

ಆ ಇಬ್ಬರಿಗೆ ಏನು ಹೇಳುವುದು? ವಾದ ಮಾಡಬೇಡಿ. ಎರಡು ದೃಶ್ಯ ಮತ್ತೆ ಓದಿ. ಮೊದಲನೆಯದು ಶಾನವಾಜ್‌ನದ್ದು. ಅವನು ತನ್ನ ಹಿಂದೂ ಗೆಳೆಯ ರಘುನಾಥನ ಸಂಸಾರವನ್ನು ಕಾಪಾಡುತ್ತಾನೆ. ಗೆಳೆಯನ ಹೆಂಡತಿಯ ಒಡವೆ ಪೆಟ್ಟಿಗೆ ತರಲು, ಜೀವ ಕೈಯಲ್ಲಿ ಹಿಡಿದು ಅವರ ಖಾಲಿ ಮನೆಗೆ ಹೋಗುತ್ತಾನೆ. ಅಲ್ಲಿ ಕಿಟಕಿಯಿಂದ ಮಸೀದಿಯ ಕಡೆ ಕಂಡ ನೋಟ ಅವನೊಳಗೆ ಏನನ್ನೋ ಎಬ್ಬಿಸುತ್ತದೆ. ಮನೆ ಕಾಯುತ್ತಿದ್ದ ಬಡ ಆಳು ಮಿಲ್ಖಿಯನ್ನು ಮೆಟ್ಟಿಲಲ್ಲಿ ಒದೆಯುತ್ತಾನೆ. ಆಳು ಉರುಳಿ ಬೀಳುತ್ತಾನೆ, ಉಳಿಯುವುದಿಲ್ಲ. ಒಡವೆ ಪೆಟ್ಟಿಗೆಯನ್ನು ಮಾತ್ರ ಶಾನವಾಜ್ ಜೋಪಾನವಾಗಿ ತಲುಪಿಸುತ್ತಾನೆ. ಅವನ ದೊಡ್ಡತನಕ್ಕೆ ಆಕೆಯ ಕಣ್ಣು ತುಂಬುತ್ತದೆ. ಅವನು ಒಳ್ಳೆಯವನೋ ಕೆಟ್ಟವನೋ? ಒಂದೇ ಗಂಟೆಯಲ್ಲಿ ಎರಡೂ. ತನ್ನ ಅಂತಸ್ತಿನವರನ್ನು ಉಳಿಸಿದ, ಬಡವನನ್ನು ಕೊಂದ. ಇಲ್ಲಿ ಧರ್ಮಕ್ಕಿಂತ ಆಳವಾದ ಗೆರೆ ಒಂದಿದೆ.

ಇನ್ನೊಂದು ರಾಜೋಳ ಮನೆ. ಚಹಾ ಅಂಗಡಿಯ ಮುದುಕ ಹರನಾಮ್ ಸಿಂಗ್, ಅವನ ಹೆಂಡತಿ ಬಂತೋ ರಾತ್ರಿ ಓಡಿ ಓಡಿ ಗುರುತಿಲ್ಲದ ಊರಿನ ಒಂದು ಬಾಗಿಲು ತಟ್ಟುತ್ತಾರೆ. ತೆರೆದವಳು ರಾಜೋ, ಮುಸ್ಲಿಂ ಹೆಂಗಸು. ಒಳಗೆ ಕರೆದು ಮಜ್ಜಿಗೆ ಕೊಡುತ್ತಾಳೆ. ಅವಳ ಗಂಡ ಲೂಟಿಯ ಪೆಟ್ಟಿಗೆ ಹೊತ್ತು ಬರುತ್ತಾನೆ. ಅದು ಇದೇ ಮುದುಕರ ಪೆಟ್ಟಿಗೆ. ಬೀಗ ಒಡೆಯುವುದು ಬೇಡ ಅಂತ ಅವರೇ ಬೀಗದ ಕೈ ಕೊಡುತ್ತಾರೆ. ರಾತ್ರಿ ಅವರನ್ನು ಊರಾಚೆ ಬಿಡುವಾಗ ರಾಜೋ ಆ ಪೆಟ್ಟಿಗೆಯಲ್ಲಿದ್ದ ಒಡವೆಯನ್ನು ಬಂತೋಳ ಕೈಗೆ ಕೊಡುತ್ತಾಳೆ. ಅದೇ ಮನೆಯಲ್ಲಿ ಕಳ್ಳ ಇದ್ದಾನೆ, ಕಾಯುವವಳೂ ಇದ್ದಾಳೆ. ಟಿವಿಯಲ್ಲಿ ಸುರೇಖಾ ಸಿಕ್ರಿ ರಾಜೋ ಆಗಿದ್ದರು. ಹರನಾಮ್ ಸಿಂಗ್ ಆಗಿದ್ದವರು ಸ್ವತಃ ಸಾಹನಿ. ‘ನಮ್ಮವರು’ ಅಂದವರಿಬ್ಬರೂ ಈ ಎರಡು ದೃಶ್ಯಗಳಲ್ಲಿ ಯಾರನ್ನು ‘ನಮ್ಮವರು’ ಅನ್ನುತ್ತಾರೆ ಅಂತ ಕೇಳಿ. ಉತ್ತರ ತಕ್ಷಣ ಬರಬೇಕಾಗಿಲ್ಲ.

ಈಗ ಎದ್ದು ಹೋದ ಅಕ್ಕ. ನಿಮ್ಮ ಪತ್ರದಲ್ಲಿ ಅವರಿಗೆ ಒಂದೇ ಸಾಲು ಇದೆ, ನನ್ನ ಮನಸ್ಸೆಲ್ಲ ಅಲ್ಲೇ ಇದೆ.

ಬಾವಿಯ ಅಧ್ಯಾಯದಲ್ಲಿ ಸಿಖ್ ಹೆಂಗಸರು ಮಕ್ಕಳನ್ನು ಎತ್ತಿಕೊಂಡು, ಶತ್ರುಗಳ ಕೈಗೆ ಸಿಗಬಾರದು ಅಂತ ಬಾವಿಗೆ ಹಾರುತ್ತಾರೆ. ಹರನಾಮ್ ಸಿಂಗನ ಮಗಳು ಜಸ್ಬೀರ್ ಮೊದಲು ಹಾರುತ್ತಾಳೆ. ರಾವಲ್ಪಿಂಡಿ ಜಿಲ್ಲೆಯ ಥೋಹಾ ಖಾಲ್ಸಾದಲ್ಲಿ 1947ರ ಮಾರ್ಚ್‌ನಲ್ಲಿ ಹೀಗೆ ನಿಜಕ್ಕೂ ನಡೆಯಿತು. ಸಾಹನಿ ಆ ಹೆಂಗಸರ ನಡಿಗೆಗೆ ಒಂದು ಹೊಳಪು ಕೊಟ್ಟು ಬರೆದಿದ್ದಾರೆ. ಓದುವ ಗಂಡಸರು ಅಲ್ಲಿ ‘ಎಂಥ ತ್ಯಾಗ’ ಅನ್ನುತ್ತಾರೆ. ನಾನು ಕಂಡ ಹಲವು ಹೆಂಗಸರು ಹಾಗೆ ಅನ್ನಲಿಲ್ಲ. ‘ಮಕ್ಕಳನ್ನು ಯಾರು ಕೇಳಿದರು?’ ಅಂದರು. ‘ಬದುಕಿ ಬಂದಿದ್ದರೆ ಮನೆಯವರು ಸೇರಿಸಿಕೊಳ್ಳುತ್ತಿದ್ದರಾ?’ ಅಂದರು. ಬಾವಿ ಅನ್ನುವುದು ನಮ್ಮ ಬಯಲುಸೀಮೆಯ ಹೆಂಗಸರಿಗೆ ಪುಸ್ತಕದ ವಿಷಯವಲ್ಲ. ಪ್ರತಿ ಊರಿನಲ್ಲೂ ಯಾರೋ ಒಬ್ಬಳು ಹಾರಿದ ಬಾವಿ ಒಂದಿರುತ್ತದೆ.

ಆ ಅಕ್ಕ ಯಾಕೆ ಎದ್ದರು ಅಂತ ಊಹೆ ಮಾಡಬೇಡಿ. ಕೂಟದಲ್ಲಿ ಬೇರೆಯವರು ಊಹೆ ಮಾಡಿದರೆ ತಡೆಯಿರಿ. ಹೆಂಗಸರೊಬ್ಬರು ಅವರ ಮನೆಗೆ ಹೋಗಿ ಮಾತಾಡಿಸಿ ಬರಲಿ. ಪುಸ್ತಕದ ಸುದ್ದಿ ಎತ್ತುವುದು ಬೇಡ. ‘ನೀವು ಬರದೆ ಬೇಜಾರಾಯಿತು, ಯಾವಾಗ ಬೇಕಾದರೂ ಬನ್ನಿ’ ಅಂದರೆ ಸಾಕು. ಅವರು ತಾವಾಗಿ ಏನಾದರೂ ಹೇಳಿದರೆ ಅದು ಅಲ್ಲೇ ಉಳಿಯಬೇಕು. ನಿದ್ದೆ ಹೋಗಿದೆ, ಊಟ ಸೇರುತ್ತಿಲ್ಲ ಅಂತ ಗೊತ್ತಾದರೆ ಅದು ಸಾಹಿತ್ಯದ ಮಾತಲ್ಲ. ಜಿಲ್ಲಾಸ್ಪತ್ರೆಯ ಮನೋವೈದ್ಯರ ಹತ್ತಿರ ಹೋಗಲು ಜೊತೆಗೆ ಯಾರಾದರೂ ಬೇಕಾ ಅಂತ ಕೇಳಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಕೂಡ ಇದೆ, ಕನ್ನಡದಲ್ಲೇ ಮಾತಾಡಬಹುದು.

ಇನ್ನು ಮುಂದೆ ಇಂಥ ಅಧ್ಯಾಯ ಬರುವ ಹಿಂದಿನ ವಾರವೇ ಮೇಷ್ಟ್ರು ಹೇಳಿಬಿಡಲಿ: ಮುಂದಿನ ವಾರ ಇಂಥದ್ದು ಬರುತ್ತದೆ, ಬೇಡ ಅನ್ನಿಸಿದವರು ಅದರ ಮುಂದಿನ ವಾರ ಬಂದರೆ ಸಾಕು, ಕಾರಣ ಹೇಳಬೇಕಾಗಿಲ್ಲ. ಇದರಿಂದ ಕತೆಯ ರುಚಿ ಕೆಡುತ್ತದೆ ಅಂತ ಕೆಲವರು ಅನ್ನಬಹುದು. ಕೆಡಲಿ. ಓದು ಮುಗಿದ ದಿನವೇ ಅಭಿಪ್ರಾಯ ಕೇಳುವುದನ್ನೂ ಬಿಡಿ. ಅವತ್ತು ಚಹಾ ಕುಡಿದು ಮನೆಗೆ ಹೋಗಲಿ. ಮುಂದಿನ ವಾರ ಕೇಳಿ. ಕೇಳುವಾಗಲೂ ‘ಹೇಗನ್ನಿಸಿತು’ ಅನ್ನಬೇಡಿ, ‘ಯಾವ ಪುಟ ಮನಸ್ಸಿನಲ್ಲಿ ಉಳಿಯಿತು’ ಅನ್ನಿ. ಪುಟ ಹೇಳಿದಾಗ ಮಾತು ನೆಲಕ್ಕೆ ಇಳಿಯುತ್ತದೆ, ಒಬ್ಬರ ಮೇಲೊಬ್ಬರು ಬೀಳುವುದು ಕಡಿಮೆಯಾಗುತ್ತದೆ. ಮಾತಾಡುತ್ತಾ ತೆಲುಗಿಗೋ ಉರ್ದುವಿಗೋ ಹೊರಳಿದರೆ ಹೊರಳಲಿ. ನಿಮ್ಮ ಕಡೆ ಮನೆಮಾತು ಅವೇ ಅಲ್ವಾ. ನೋವಿನ ಮಾತು ಮನೆಮಾತಿನಲ್ಲೇ ಬರುತ್ತದೆ. ಮೇಷ್ಟ್ರು ಬೇಕಾದರೆ ಆಮೇಲೆ ಕನ್ನಡದಲ್ಲಿ ಹೇಳಲಿ.

ಕೂಟ ಮುಂದಿನ ಸಲ ಸೇರಿದಾಗ ಶಿಬಿರದ ಅಧ್ಯಾಯ ಒಂದನ್ನು ಮಾತ್ರ ಮತ್ತೆ ಓದಿಸಿ ಅಂತ ಕೇಳಿಕೊಳ್ಳುತ್ತೇನೆ. ಅಲ್ಲಿ ಪರಿಹಾರ ಸಮಿತಿಯ ಒಬ್ಬ ಗುಮಾಸ್ತ ಕೂತಿದ್ದಾನೆ. ಅವನಿಗೆ ಅಂಕಿ ಬೇಕು, ಅಂಕಿ ಮಾತ್ರ. ಎಷ್ಟು ಸತ್ತರು, ಎಷ್ಟು ಗಾಯ, ಎಷ್ಟು ರೂಪಾಯಿ ನಷ್ಟ. ಜನ ಬಂದು ಕತೆ ಹೇಳುತ್ತಾರೆ. ಅವನು ಬೇಡ, ಲೆಕ್ಕ ಹೇಳಿ ಅನ್ನುತ್ತಾನೆ. ಅವನನ್ನು ಕಲ್ಲು ಅಂತ ಬೈಯುವ ಓದುಗರೇ ಜಾಸ್ತಿ. ನನಗೆ ಹಾಗೆ ಅನ್ನಿಸುವುದಿಲ್ಲ. ಲೆಕ್ಕವೂ ಬೇಕು. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸರ್ಕಾರ ಒಪ್ಪಿದ ಸಾವು ಹತ್ತರ ಆಸುಪಾಸು. ಜನ ಹೇಳುವುದು 32. ಆ ಅಂತರದಲ್ಲಿ ಇರುವವರು ಕೂಡ ಯಾರದೋ ಮನೆಯವರು. ಲೆಕ್ಕ ಸರಿ ಬರೆಯದಿದ್ದರೆ ಅವರು ಎರಡನೇ ಸಲ ಇಲ್ಲವಾಗುತ್ತಾರೆ.

ಅದೇ ಗುಮಾಸ್ತನ ಹತ್ತಿರ ಒಬ್ಬ ಸಿಖ್ ಗಂಡಸು ಬರುತ್ತಾನೆ. ಅವನ ಹೆಂಡತಿ ಬಾವಿಗೆ ಹಾರಿ ಸತ್ತಿದ್ದಾಳೆ. ಅವಳ ಕೈಯಲ್ಲಿದ್ದ ಚಿನ್ನದ ಬಳೆ ತೆಗೆದುಕೊಡಲು ಸಹಾಯ ಮಾಡಿ ಅಂತ ಕೇಳುತ್ತಾನೆ. ‘ಎಂಥ ತ್ಯಾಗ’ ಅಂದವರು ಬಾವಿಯ ಅಧ್ಯಾಯದ ಜೊತೆಗೆ ಈ ಪುಟವನ್ನೂ ಓದಲೇಬೇಕು. ಆ ಹೊಳಪನ್ನು ಸಾಹನಿಯೇ ಇಲ್ಲಿ ಒರೆಸಿಹಾಕುತ್ತಾರೆ. ಇನ್ನೊಂದು ಮೂಲೆಯಲ್ಲಿ ಒಂದು ಬ್ರಾಹ್ಮಣ ದಂಪತಿ ಇದ್ದಾರೆ. ಮಗಳು ಪ್ರಕಾಶೋಳನ್ನು ಅಲ್ಲಾರಖಾ ಅನ್ನುವವನು ಎತ್ತಿಕೊಂಡು ಹೋಗಿದ್ದಾನೆ. ತಾಯಿಗೆ ಮಗಳು ಬೇಕು. ತಂದೆ, ಈಗ ತಂದು ಏನು ಮಾಡುವುದು, ಕೆಟ್ಟದ್ದು ಆಗಲೇ ಅವಳ ಬಾಯಿಗೆ ಹೋಗಿದೆ ಅನ್ನುತ್ತಾನೆ. ಅತ್ತ ಪ್ರಕಾಶೋ ಅಲ್ಲಾರಖಾ ತಂದ ಮಿಠಾಯಿ ತಿನ್ನುವ ಹಂತಕ್ಕೆ ಬಂದಿದ್ದಾಳೆ. ಸೋತು ತಿಂದಳೋ, ಒಪ್ಪಿ ತಿಂದಳೋ? ಎರಡು ವರ್ಷದ ಮೇಲೆ, 1949ರಲ್ಲಿ, ಅಪಹರಣವಾದ ಹೆಂಗಸರನ್ನು ವಾಪಸ್ ತರಲು ಸರ್ಕಾರ ಕಾನೂನು ಮಾಡಿತು. ಆ ಕಾನೂನಿನಲ್ಲಿ ‘ನಿನಗೆ ಹೋಗಲು ಇಷ್ಟವಾ’ ಅನ್ನುವ ಪ್ರಶ್ನೆಗೆ ಬೆಲೆ ಇರಲಿಲ್ಲ.

ನಿಮ್ಮ ಕೂಟದ ಹೆಂಗಸರು ಪ್ರಕಾಶೋ ಬಗ್ಗೆ ಏನು ಹೇಳುತ್ತಾರೋ ತಿಳಿಯುವ ಆಸೆ ನನಗಿದೆ. ಅದನ್ನೇ ಮುಂದುವರಿಸಬೇಕು ಅನ್ನಿಸಿದರೆ ಅಮೃತಾ ಪ್ರೀತಂ ಅವರ ‘ಪಿಂಜರ್’ ಓದಿ. 1950ರಲ್ಲಿ ಪಂಜಾಬಿಯಲ್ಲಿ ಬಂದ ಚಿಕ್ಕ ಕಾದಂಬರಿ. ಎತ್ತಿಕೊಂಡು ಹೋದವನ ಮನೆಯಲ್ಲೇ ಉಳಿಯುವ ಪೂರೋ ಅನ್ನುವವಳ ಕತೆ. ವಾಪಸ್ ಹೋಗುವ ದಾರಿ ತೆರೆದಾಗಲೂ ಅವಳು ಹೋಗುವುದಿಲ್ಲ. ಆದರೆ ತಕ್ಷಣ ಬೇಡ. ನಡುವೆ ಒಂದೆರಡು ತಿಂಗಳು ಬೇರೆ ಏನಾದರೂ ಓದಿ. ಹರಟೆಯೋ, ಪ್ರವಾಸ ಕಥನವೋ, ಜಾನಪದ ಕತೆಗಳೋ, ಏನಾದರೂ ಸರಿ. ಆ ಅಕ್ಕ ವಾಪಸ್ ಬರುವುದಾದರೆ ಅಂಥ ಪುಸ್ತಕದ ದಿನವೇ ಬರಲಿ. ‘ಪಿಂಜರ್’ ತೆಗೆದುಕೊಳ್ಳಬೇಕೋ ಬೇಡವೋ ಅಂತ ತೀರ್ಮಾನಿಸುವ ದಿನ ಅವರನ್ನೂ ಕೇಳಿ, ಅವರು ಬೇಡ ಅಂದರೆ ಬಿಟ್ಟುಬಿಡಿ.